ಕತ್ತಿನ ಉರಿ ಹೋಗಿದ್ದು ಹೀಗೆ

ಅಪ್ಪನ ಹಳೆಯ ಡಬಲ್ ಎಡ್ಜ್ ರೇಜರ್ (ಎರಡೂ ಅಂಚು ಹರಿತವಿರುವ ಬ್ಲೇಡು ಹಾಕುವಂಥದ್ದು) ಹಿಡಿದ ಮೊದಲ ತಿಂಗಳು ನನ್ನ ಕತ್ತು ತುರಿಮಣೆಗೆ ಸಿಕ್ಕಿದ ಹಾಗಿತ್ತು. ರೇಜರ್‌ನದ್ದೇ ತಪ್ಪು ಅಂದುಕೊಂಡು ಬಾಚಣಿಗೆಯಂತೆ ಹಲ್ಲಿರುವ ಇನ್ನೊಂದನ್ನು ಕೊಂಡೆ. ಅದು ಇನ್ನೂ ಜಾಸ್ತಿ ಕೊಯ್ಯಿತು. ದುಡ್ಡು ದಂಡ.

ಆಮೇಲೆ ಎರಡು ದಿನ ಶೇವ್ ಮಾಡದೆ ಬಿಟ್ಟು ಬೆರಳಾಡಿಸಿ ನೋಡಿದೆ. ಕೆನ್ನೆಯಲ್ಲಿ ಕೂದಲು ಕೆಳಕ್ಕೆ, ಗಂಟಲಲ್ಲಿ ಮೇಲಕ್ಕೆ, ಎಡಬದಿಯಲ್ಲಿ ಅಡ್ಡ! ನಾನು ಸುಮ್ನೆ ಎಲ್ಲ ಕಡೆ ಮೇಲಿಂದ ಕೆಳಕ್ಕೇ ಎಳೆಯುತ್ತಿದ್ದೆ. ಮೇಲಾಗಿ ಮೊದಲು ಬಳಸುತ್ತಿದ್ದ ಕಾರ್ಟ್ರಿಜ್ ರೇಜರ್‌ನ (ಬ್ಲೇಡುಗಳಿರುವ ತಲೆಯನ್ನೇ ಬದಲಾಯಿಸುವಂಥದ್ದು) ಅಭ್ಯಾಸದಲ್ಲಿ ಒತ್ತುತ್ತಿದ್ದೆ. ಉರಿಯದೆ ಇರುತ್ತದಾ? ಈಗ ಹಿಡಿಯ ತುದಿ ಹಿಡಿದು, ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಇರುವಂತೆ, ರೇಜರ್‌ನ ಭಾರದಲ್ಲೇ ಜಾರಿಸುತ್ತೇನೆ. ಕೂದಲು ಬೆಳೆದ ದಿಕ್ಕಿಗೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಅಷ್ಟೇ.

ನೊರೆಯದ್ದು ಬೇರೆ ಕತೆ. ಕಾಸರಗೋಡು ಪೇಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಬೇಸಿಗೆಯ ನೀರು ಉಪ್ಪು. ಬ್ರಶ್ ಎಷ್ಟು ತಿರುಗಿಸಿದರೂ ನೊರೆ ನಿಲ್ಲುವುದಿಲ್ಲ. ನನ್ನ ಊರು ಪೆರ್ಲದ ಮನೆಯ ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದದ್ದು) ನೀರಿಗೆ ಅದೇ ಸೋಪು ಮೊಸರಿನಂತೆ ಗಟ್ಟಿ. ಹಾಗಾಗಿ ವಾರಕ್ಕೊಂದು ಬಾಟಲಿ ಊರಿಂದ ತರುತ್ತೇನೆ. ಕೋಣೆಯ ಗೆಳೆಯ ಅದನ್ನು ತೀರ್ಥ ಅನ್ನುತ್ತಾನೆ.