ಅಕ್ಕನ ಆಪರೇಷನ್‌ಗೆ ಮೈಸೂರಿನ ನರ್ಸಿಂಗ್ ಹೋಮ್‌ಗಳನ್ನು ನಾನು ಹೋಲಿಸಿ ನೋಡಿದ್ದು ಹೀಗೆ

ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿ ಅಲ್ಲೇ ನಿವೃತ್ತಳಾದವಳು ನಾನು. ನೆಂಟರಲ್ಲಿ ಯಾರಿಗೆ ಆಪರೇಷನ್ ಅಂತಾದರೂ ಮೊದಲು ಫೋನ್ ಬರುವುದು ನನಗೇ. ಎಲ್ಲರೂ ಕೇಳುವುದು ಒಂದೇ. ಮೈಸೂರಲ್ಲಿ ಯಾವ ನರ್ಸಿಂಗ್ ಹೋಮ್ ಚೆನ್ನಾಗಿದೆ? ಒಂದು ಹೆಸರು ಹೇಳಿ ಫೋನ್ ಇಟ್ಟುಬಿಡಬಹುದು, ಆದರೆ ಮನಸ್ಸು ಒಪ್ಪುವುದಿಲ್ಲ. ಹೆರಿಗೆ ತುಂಬಾ ಚೆನ್ನಾಗಿ ಮಾಡಿಸುವ ಜಾಗದಲ್ಲೇ ಮೂಳೆ ಆಪರೇಷನ್‌ಗೆ ಹೊರಗಿನ ಡಾಕ್ಟರ್ ಬಂದು ಮುಗಿಸಿ ಹೋಗುತ್ತಾರೆ, ಆಮೇಲೆ ಕೇಳುವವರೇ ಇರುವುದಿಲ್ಲ. ಹಾಗಾಗಿ ಹೆಸರು ಹೇಳುವುದಕ್ಕಿಂತ ಹೇಗೆ ನೋಡಬೇಕು ಅಂತ ಹೇಳುವುದೇ ವಾಸಿ.

ನಮ್ಮ ದೊಡ್ಡಕ್ಕನಿಗೆ ಗರ್ಭಕೋಶ ಜಾರಿತ್ತು. ನಮ್ಮ ಕಡೆ ಹೆಂಗಸರು ಇದನ್ನು ವರ್ಷಗಟ್ಟಲೆ ಯಾರಿಗೂ ಹೇಳುವುದಿಲ್ಲ, ಅಕ್ಕನೂ ಹೇಳಿರಲಿಲ್ಲ. ಜೊತೆಗೆ ಶುಗರ್, ಬಿಪಿ. ಡಾಕ್ಟರಿಗೆ ತೋರಿಸಿದಾಗ ಗರ್ಭಕೋಶ ತೆಗೆಯಬೇಕು, ಆದರೆ ಅವಸರ ಏನಿಲ್ಲ, ಶುಗರ್ ಹತೋಟಿಗೆ ತಂದುಕೊಂಡು ಬನ್ನಿ ಅಂದರು. ಅಂದರೆ ನನಗೆ ಸುತ್ತಾಡಿ ನೋಡಲು ಸಮಯ ಸಿಕ್ಕಿತು.

ಅಕ್ಕನ ಮಗ ಅಷ್ಟರಲ್ಲಿ ಫೋನ್‌ನಲ್ಲಿ ಸ್ಟಾರ್ ಜಾಸ್ತಿ ಇರುವ ಒಂದನ್ನು ಹುಡುಕಿ ಇಟ್ಟಿದ್ದ. "ಚಿಕ್ಕಮ್ಮ, ಇದಕ್ಕೆ ಎಲ್ಲರೂ ಒಳ್ಳೆಯದೇ ಬರೆದಿದ್ದಾರೆ ನೋಡಿ" ಅಂದ. ಓದಿ ನೋಡಿದೆ. ರಿಸೆಪ್ಷನ್‌ನವರು ನಗುತ್ತಾ ಮಾತಾಡುತ್ತಾರೆ, ರೂಮು ನೀಟಾಗಿದೆ, ಪಾರ್ಕಿಂಗ್ ಇದೆ. ಇವೆಲ್ಲ ಬೇಕು, ಸರಿ. ಆದರೆ ಆಪರೇಷನ್ ಆದ ರಾತ್ರಿ ಏನಾಯಿತು ಅಂತ ಒಬ್ಬರೂ ಬರೆದಿರಲಿಲ್ಲ. ನಾನು ಈಗ ಕಡಿಮೆ ಸ್ಟಾರ್ ಕೊಟ್ಟವರದ್ದನ್ನೇ ಮೊದಲು ಓದುತ್ತೇನೆ, ಅದರಲ್ಲೂ 'ರಾತ್ರಿ ಕರೆದರೂ ಯಾರೂ ಬರಲಿಲ್ಲ' ಅನ್ನುವ ಮಾತು ಬೇರೆ ಬೇರೆಯವರಿಂದ ಬಂದಿದೆಯಾ ಅಂತ ಹುಡುಕುತ್ತೇನೆ.

ಯಾಕೆಂದರೆ ನನ್ನ ಪ್ರಕಾರ ನರ್ಸಿಂಗ್ ಹೋಮ್‌ನ ಗುಣಮಟ್ಟ ಗೊತ್ತಾಗುವುದು ರಾತ್ರಿ. ಹಗಲು ಎಲ್ಲರೂ ಇರುತ್ತಾರೆ. ಸರ್ಜನ್ ಬರುತ್ತಾರೆ, ಅನಸ್ತೇಶಿಯಾ ಡಾಕ್ಟರ್ ಬರುತ್ತಾರೆ, ಲ್ಯಾಬ್ ತೆರೆದಿರುತ್ತದೆ. ಸಂಜೆ ಏಳೂವರೆ ಎಂಟಕ್ಕೆ ಅವರೆಲ್ಲ ಮನೆಗೆ ಹೋಗುತ್ತಾರೆ. ಆಮೇಲೆ ರೋಗಿಯ ಜೀವ ಇರುವುದು ಆ ಮಹಡಿಯಲ್ಲಿರುವ ಒಬ್ಬ ಸಿಸ್ಟರ್ ಕೈಯಲ್ಲಿ.

ಮೊದಲು ಕಾಗದದ ಕೆಲಸ ಮುಗಿಸಿಕೊಂಡೆ, ಇದಕ್ಕೆ ಹೆಚ್ಚು ಹೊತ್ತು ಬೇಡ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರ ಕಾಯ್ದೆ ಇದೆ, ಎಲ್ಲರೂ ಕೆಪಿಎಂಇ ಅನ್ನುತ್ತಾರೆ. ಅದರಡಿ ನೋಂದಣಿ ಆಗಿರಬೇಕು, ಸರ್ಟಿಫಿಕೇಟ್ ಜನರಿಗೆ ಕಾಣುವ ಹಾಗೆ ಹಾಕಿರಬೇಕು, ದರಪಟ್ಟಿಯೂ ಇರಬೇಕು. ನೋಂದಣಿ ಐದು ವರ್ಷಕ್ಕೆ. ಹಾಗಾಗಿ ಸರ್ಟಿಫಿಕೇಟ್ ನೇತುಹಾಕಿದ್ದರೆ ಸಾಲದು, ತಾರೀಖು ಓದಿ. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಪಟ್ಟಿಯೂ ಸೇರಿತು. ನಾನು ನೋಡಿದ ಕೆಲವು ಕಡೆ ಸರ್ಟಿಫಿಕೇಟ್ ಕಡೆಗೆ ಕಣ್ಣು ಹಾಯಿಸುತ್ತಿದ್ದಂತೆ ರಿಸೆಪ್ಷನ್‌ನವರು "ಏನ್ ಮೇಡಂ, ಇನ್ಸ್‌ಪೆಕ್ಷನ್ನಾ?" ಅಂತ ಗಾಬರಿಯಾದರು. ಒಂದು ಕಡೆ ಮಾತ್ರ "ಓದಿಕೊಳ್ಳಿ, ದರದ್ದು ಏನಾದರೂ ಡೌಟ್ ಇದ್ದರೆ ಕೇಳಿ" ಅಂದರು. ಆ ವ್ಯತ್ಯಾಸವನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್ಎಬಿಎಚ್, ಅದರ ಬೋರ್ಡ್ ಇದ್ದರೆ ಒಳ್ಳೆಯದು. 50 ಹಾಸಿಗೆವರೆಗಿನ ಸಣ್ಣ ಆಸ್ಪತ್ರೆಗಳಿಗೆ ಅವರದ್ದು ಬೇರೆ ಮಾನದಂಡವೇ ಇದೆ. ಆದರೆ ಪೂರ್ತಿ ಮಾನ್ಯತೆ ಬೇರೆ, ಮೊದಲ ಹಂತದ ಎಂಟ್ರಿ ಲೆವೆಲ್ ಸರ್ಟಿಫಿಕೇಟ್ ಬೇರೆ. ಗೋಡೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಅವರ ವೆಬ್‌ಸೈಟ್‌ನಲ್ಲಿ ಆಸ್ಪತ್ರೆ ಹೆಸರು ಹುಡುಕಿದರೆ ಯಾವುದು, ಎಲ್ಲಿಯವರೆಗೆ ಅಂತ ಸಿಗುತ್ತದೆ. ಹೆರಿಗೆಗೆ ಹುಡುಕುತ್ತಿರುವವರು ಸ್ತ್ರೀರೋಗ ತಜ್ಞರ ಸಂಘ ಫಾಗ್ಸಿ ಕೊಡುವ 'ಮಾನ್ಯತಾ' ಸರ್ಟಿಫಿಕೇಟ್ ಇದೆಯಾ ಅಂತಲೂ ಕೇಳಿ. ಅದು 16 ಮಾನದಂಡಗಳ ಮೇಲೆ ಕೊಡುವುದು, ಹೆರಿಗೆಯಾದ ಮೇಲಿನ ರಕ್ತಸ್ರಾವವನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದೂ ಅದರಲ್ಲಿ ಬರುತ್ತದೆ.

ಕಾಗದ ಸರಿ ಇದ್ದ ಕಡೆಗೆಲ್ಲ ಎರಡು ಸಲ ಹೋಗುವುದು ಅಂತ ಇಟ್ಟುಕೊಂಡಿದ್ದೆ. ಒಮ್ಮೆ ಹಗಲು, ಡಾಕ್ಟರ್ ನೋಡುವ ನೆಪದಲ್ಲಿ. ಇನ್ನೊಮ್ಮೆ ರಾತ್ರಿ, ಶಿಫ್ಟ್ ಬದಲಾದ ಮೇಲೆ. ಸರಸ್ವತಿಪುರಂ, ಕುವೆಂಪುನಗರ, ಒಂಟಿಕೊಪ್ಪಲ್ ಕಡೆ ಇರುವವು ನಮಗೆ ಹತ್ತಿರ, ಅವನ್ನೇ ನೋಡಿದ್ದು. ರಾತ್ರಿ ಒಳಗೆ ಬಿಡಲ್ಲ ಅಂದರೆ ಜಗಳ ಆಡಬೇಡಿ, ಬಿಡದಿರುವುದು ಒಳ್ಳೆಯ ಲಕ್ಷಣವೇ. ಬಾಗಿಲಲ್ಲಿ ನಿಂತು "ಈಗ ಡ್ಯೂಟಿ ಡಾಕ್ಟರ್ ಇದ್ದಾರಾ, ಏನು ಓದಿದ್ದಾರೆ, ಸಿಸ್ಟರ್ ಎಷ್ಟು ಜನ ಇದ್ದಾರೆ, ಪೇಷೆಂಟ್ ಎಷ್ಟಿದ್ದಾರೆ" ಅಂತ ಕೇಳಿದರೆ ಸಾಕು.

ಉತ್ತರ ಬರುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. "ಡಾಕ್ಟರ್ ಆನ್ ಕಾಲ್ ಇರ್ತಾರೆ" ಅಂದರೆ ಅಲ್ಲಿ ಡಾಕ್ಟರ್ ಇಲ್ಲ ಅಂತ ಅರ್ಥ. ಹಾಗಿದ್ದರೆ ಎಷ್ಟು ದೂರದಲ್ಲಿದ್ದಾರೆ, ಕರೆದರೆ ಎಷ್ಟು ನಿಮಿಷಕ್ಕೆ ಬರುತ್ತಾರೆ ಅಂತ ಕೇಳಬೇಕು. ಎಷ್ಟೋ ಕಡೆ ರಾತ್ರಿ ಡ್ಯೂಟಿಯಲ್ಲಿರುವವರು ಆಯುರ್ವೇದ ಅಥವಾ ಹೋಮಿಯೋಪತಿ ಓದಿದವರು. ಅವರನ್ನು ಹೀಗಳೆಯುತ್ತಿಲ್ಲ. ಆದರೆ ರಕ್ತಸ್ರಾವವಾಗುತ್ತಿರುವ ರೋಗಿಯ ಹತ್ತಿರ ಯಾರು ನಿಂತಿರುತ್ತಾರೆ ಅನ್ನುವುದು ಮನೆಯವರಿಗೆ ಮೊದಲೇ ಗೊತ್ತಿರಬೇಕು ಅಲ್ವಾ?

ಸಿಸ್ಟರ್‌ಗಳ ವಿಷಯಕ್ಕೆ ಬರುತ್ತೇನೆ, ನನಗೆ ಮುಖ್ಯ ಇದೇ. ಬಿಳಿ ಕೋಟು ಹಾಕಿದವರೆಲ್ಲ ನರ್ಸ್ ಅಲ್ಲ. ಜಿಎನ್ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷದ ಕೋರ್ಸ್, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಅದು ಮುಗಿದ ಮೇಲೆ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಸಣ್ಣ ಜಾಗಗಳಲ್ಲಿ ಹುಡುಗಿಯರನ್ನು ಸುಮ್ನೆ ಸೇರಿಸಿಕೊಂಡು, ಇಂಜೆಕ್ಷನ್ ಕೊಡುವುದು ಹೇಳಿಕೊಟ್ಟು, ಸಿಸ್ಟರ್ ಅಂತ ನಿಲ್ಲಿಸುತ್ತಾರೆ. ಪಾಪ, ಆ ಮಕ್ಕಳ ತಪ್ಪಲ್ಲ ಅದು. ಕಡಿಮೆ ಸಂಬಳಕ್ಕೆ ಡಬಲ್ ಡ್ಯೂಟಿ ಮಾಡುತ್ತಿರುತ್ತಾರೆ. ನಾನು ಮೆಲ್ಲಗೆ ಮಾತಿಗೆಳೆದು "ಎಲ್ಲಿ ಓದಿದ್ದು ಕಣಮ್ಮ, ಇಲ್ಲಿಗೆ ಬಂದು ಎಷ್ಟು ದಿನ ಆಯ್ತು" ಅಂತ ಕೇಳುತ್ತಿದ್ದೆ. ಕೇಳಿದವರೆಲ್ಲ ಹೊಸಬರೇ ಆದರೆ ಆ ಜಾಗದಲ್ಲಿ ಯಾರೂ ನಿಲ್ಲುತ್ತಿಲ್ಲ ಅಂತ. ವರ್ಷಗಳಿಂದ ಇರುವ ಒಬ್ಬ ಹಿರಿಯ ಸಿಸ್ಟರ್ ಇದ್ದರೂ ಇಡೀ ಮಹಡಿ ಬೇರೆ ಥರ ಇರುತ್ತದೆ.

ಒಂದು ನರ್ಸಿಂಗ್ ಹೋಮ್‌ನಲ್ಲಿ ಹಗಲು ಎಲ್ಲವೂ ಚೆಂದ ಕಂಡಿತ್ತು. ಗ್ರಾನೈಟ್ ನೆಲ, ಎಸಿ ರೂಮು, ಅಕ್ಕನ ಮಗ ಹೇಳಿದ್ದು ಅದನ್ನೇ. ರಾತ್ರಿ ಹೋದರೆ ಮೇಲಿನ ಎರಡು ಮಹಡಿಗೆ ಸೇರಿ ಒಬ್ಬಳೇ ಹುಡುಗಿ. ಅವಳು ಮೇಲೆ ಡ್ರಿಪ್ಸ್ ಬದಲಾಯಿಸಲು ಹೋದರೆ ಕೆಳಗೆ ಯಾರೂ ಇಲ್ಲ. ಡ್ರಿಪ್ಸ್ ಮುಗಿದು ರಕ್ತ ಪೈಪಿಗೆ ಏರುತ್ತಿದೆ ಅಂತ ರೋಗಿಯ ಕಡೆಯವರೇ ಕಾರಿಡಾರಿನಲ್ಲಿ ಓಡಾಡುತ್ತಿದ್ದರು. ಅದನ್ನು ಅಲ್ಲಿಗೇ ಪಟ್ಟಿಯಿಂದ ತೆಗೆದುಹಾಕಿದೆ.

ಹಾಸಿಗೆ ಪಕ್ಕ ನೇತುಹಾಕಿರುವ ಚಾರ್ಟ್ ನೋಡುವುದು ಇನ್ನೊಂದು. ಬೇರೆಯವರ ಕಾಯಿಲೆ ಓದಬಾರದು, ಅದು ಸರಿಯಲ್ಲ. ಆದರೆ ಪರಿಚಯದವರು ದಾಖಲಾಗಿದ್ದರೆ ಅವರನ್ನು ಕೇಳಿಕೊಂಡು ಅವರದ್ದನ್ನು ನೋಡಬಹುದು. ಬಿಪಿ ಎಲ್ಲ ಹೊತ್ತಿಗೂ 120/80, ನಾಡಿ ಎಲ್ಲ ಹೊತ್ತಿಗೂ 80 ಅಂತ ಒಂದೇ ಪೆನ್ನಿನಲ್ಲಿ, ಒಂದೇ ಸಾಲಿನಲ್ಲಿ ಬರೆದಿದ್ದರೆ ಯಾರೂ ನೋಡಿಲ್ಲ, ಬೆಳಿಗ್ಗೆ ಕೂತು ತುಂಬಿಸಿದ್ದಾರೆ ಅಂತ ತಿಳಿಯಿರಿ. ನಿಜವಾದ ಚಾರ್ಟ್‌ನಲ್ಲಿ ಅಂಕಿ ಏರಿಳಿಯುತ್ತದೆ.

ಸೋಂಕಿನ ವಿಷಯಕ್ಕೆ ನಾನು ನೋಡುವುದು ಕಸ. 2016ರ ನಿಯಮದ ಪ್ರಕಾರ ಸೂಜಿ, ಬ್ಲೇಡು ಚುಚ್ಚದಂಥ ಬಿಳಿ ಡಬ್ಬಿಗೆ ಹೋಗಬೇಕು. ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ, ಡ್ರಿಪ್ಸ್ ಪೈಪು, ಗ್ಲೌಸ್ ಕೆಂಪಿಗೆ. ಊಟದ ಎಲೆ, ಹತ್ತಿ, ಸಿರಿಂಜು ಎಲ್ಲ ಒಂದೇ ಬಕೆಟ್‌ನಲ್ಲಿದ್ದರೆ ಓಟಿ, ಅಂದರೆ ಆಪರೇಷನ್ ಥಿಯೇಟರ್ ಒಳಗೂ ಅದೇ ಶಿಸ್ತು ಇರುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೋಗುವಾಗ ಸಿಸ್ಟರ್ ಕೈ ತೊಳೆಯುತ್ತಾರಾ, ಅದಕ್ಕೆ ವಾರ್ಡಿನಲ್ಲಿ ನಲ್ಲಿಯೋ ಸ್ಯಾನಿಟೈಸರೋ ಇದೆಯಾ? ಹತ್ತು ನಿಮಿಷ ಬೆಂಚಿನ ಮೇಲೆ ಕೂತರೆ ಕಾಣುತ್ತದೆ. ಓಟಿ ಸಿಸ್ಟರ್ ಹತ್ತಿರ ಆಟೋಕ್ಲೇವ್, ಅಂದರೆ ಆಪರೇಷನ್ ಸಾಮಾನನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಯಂತ್ರದ ರಿಜಿಸ್ಟರ್ ಬಗ್ಗೆ ಕೇಳಿದೆ. ನಾವು ಆಯ್ದುಕೊಂಡ ಕಡೆಯ ಸಿಸ್ಟರ್ ಒಳಗೆ ಹೋಗಿ ಪುಸ್ತಕವನ್ನೇ ತಂದು ತೋರಿಸಿದರು. ಪ್ರತಿ ಸಲದ ಇಂಡಿಕೇಟರ್ ಟೇಪನ್ನು ತಾರೀಖು ಬರೆದು ಅಂಟಿಸಿದ್ದರು, ಗೆರೆ ಕಪ್ಪಾಗಿತ್ತು, ಅಂದರೆ ಬಿಸಿ ತಗುಲಿದೆ ಅಂತ. ನನಗೆ ಕಣ್ಣು ತುಂಬಿ ಬಂತು, ನಿಜವಾಗಿ. ಯಾರೂ ನೋಡದ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವವರು ಈಗಲೂ ಇದ್ದಾರೆ.

ಡಾಕ್ಟರ್ ಹತ್ತಿರ ಕೇಳಿದ್ದು ಕೆಲವೇ ಪ್ರಶ್ನೆ. ಈ ಆಪರೇಷನ್ ನೀವೇ ಮಾಡುತ್ತೀರಾ? ಅನಸ್ತೇಶಿಯಾ ಡಾಕ್ಟರ್ ಮೊದಲೇ ಬಂದು ಅಕ್ಕನನ್ನು ನೋಡುತ್ತಾರಾ ಅಥವಾ ಟೇಬಲ್ ಮೇಲೇ ಮೊದಲ ಭೇಟಿಯಾ? ರಕ್ತ ಬೇಕಾದರೆ ಯಾವ ಬ್ಲಡ್ ಬ್ಯಾಂಕಿನಿಂದ, ಯಾರು ತರಬೇಕು? ಕೈಮೀರಿದರೆ ಯಾವ ದೊಡ್ಡ ಆಸ್ಪತ್ರೆಗೆ ಕಳಿಸುತ್ತೀರಿ, ಆಂಬುಲೆನ್ಸ್‌ನಲ್ಲಿ ಜೊತೆಗೆ ಯಾರು ಬರುತ್ತಾರೆ? ಕೊನೆಯ ಪ್ರಶ್ನೆಗೆ ಒಬ್ಬ ಡಾಕ್ಟರ್ ಸಿಟ್ಟಾದರು. ಇನ್ನೊಬ್ಬರು "ನೀವು ಕೇಳಿದ್ದು ಒಳ್ಳೆಯದಾಯ್ತು" ಅಂತ ಕೂರಿಸಿಕೊಂಡು ಎಲ್ಲ ವಿವರಿಸಿದರು. ಏನೂ ಕೆಡಲ್ಲ ಅನ್ನುವವರಿಗಿಂತ ಕೆಟ್ಟರೆ ಏನು ಮಾಡುತ್ತೇವೆ ಅಂತ ಯೋಚಿಸಿ ಇಟ್ಟುಕೊಂಡಿರುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ದುಡ್ಡಿನ ವಿಷಯದಲ್ಲಿ ಪ್ಯಾಕೇಜ್ ಅಂದರೆ ಅದರಲ್ಲಿ ಏನು ಸೇರಿಲ್ಲ ಅಂತ ಬರೆಸಿಕೊಳ್ಳಿ. ಔಷಧಿ, ಅನಸ್ತೇಶಿಯಾ ಫೀಸು, ಬಯಾಪ್ಸಿ, ಇವು ಮೂರು ಸಾಮಾನ್ಯವಾಗಿ ಹೊರಗೆ ಉಳಿಯುತ್ತವೆ. ನಮಗೆ ಅತಿ ಕಡಿಮೆ ಹೇಳಿದ ಕಡೆ ಈ ಮೂರೂ ಸೇರಿರಲಿಲ್ಲ.

ಇಷ್ಟೆಲ್ಲ ಪುಸ್ತಕದಲ್ಲಿ ಬರೆದುಕೊಂಡೆ, ಆದರೆ ಅಂಕ ಕೂಡಿಸಲಿಲ್ಲ. ಕೂಡಿಸಿದರೆ ಒಳ್ಳೆಯ ಕ್ಯಾಂಟೀನು, ಲಿಫ್ಟು ಸೇರಿ ರಾತ್ರಿ ನರ್ಸ್ ಇಲ್ಲದ್ದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ರಾತ್ರಿ ಓದಿದ ನರ್ಸ್, ಕರೆದರೆ ಬರುವ ಡಾಕ್ಟರ್, ಆಕ್ಸಿಜನ್, ಗಂಟಲಿನ ಕಫ ಎಳೆಯುವ ಸಕ್ಷನ್ ಯಂತ್ರ, ಜನರೇಟರ್, ಶುಚಿ, ಇವುಗಳಲ್ಲಿ ಯಾವುದಾದರೂ ಒಂದು ಇಲ್ಲ ಅಂದರೆ ಆ ಜಾಗವೇ ಬೇಡ ಅಂತ ಮಾಡಿಕೊಂಡೆ. ಉಳಿದವುಗಳಲ್ಲಿ ಮಾತ್ರ ಖರ್ಚು, ದೂರ, ರೂಮು ನೋಡಿದ್ದು.

ಕೊನೆಗೆ ಆಯ್ದುಕೊಂಡದ್ದು ಹಳೆಯ ಕಟ್ಟಡ, ಬಣ್ಣ ಮಾಸಿತ್ತು. ಅಕ್ಕ ನೋಡಿ "ಇದೇನೇ, ಇಲ್ಲಿಗೆ ಕರ್ಕೊಂಡು ಬಂದಿದೀಯ" ಅಂದಳು. ಆಪರೇಷನ್ ಚೆನ್ನಾಗಿ ಆಯಿತು. ಆ ರಾತ್ರಿ ನಾನೇ ಪಕ್ಕದಲ್ಲಿದ್ದೆ. ಸಿಸ್ಟರ್ ಗಂಟೆಗೊಮ್ಮೆ ಬಂದು ನಾಡಿ, ಬಿಪಿ, ಪ್ಯಾಡು, ಮೂತ್ರದ ಚೀಲ ನೋಡಿ ಬರೆದುಕೊಂಡು ಹೋಗುತ್ತಿದ್ದರು. ನಡುರಾತ್ರಿ ದಾಟಿದ ಮೇಲೆ ನಾಡಿ ಏರತೊಡಗಿತು, ಬಿಪಿ ಸರಿಯಾಗೇ ಇತ್ತು. ಗೊತ್ತಿಲ್ಲದವರು ಬಿಪಿ ನೋಡಿ ಸಮಾಧಾನವಾಗುತ್ತಾರೆ. ರಕ್ತ ಹೋಗುತ್ತಿದ್ದರೆ ಬಿಪಿ ಬೀಳುವುದಕ್ಕೆ ಮೊದಲು ನಾಡಿ ಏರುತ್ತದೆ. ಆ ಸಿಸ್ಟರ್ ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿದ್ದರು. ಡಾಕ್ಟರ್ ಬಂದರು, ನೋಡಿದರು, ರಕ್ತಸ್ರಾವ ಇರಲಿಲ್ಲ. ನೋವಿಗೆ ಹಾಗಾಗಿತ್ತು, ಇಂಜೆಕ್ಷನ್ ಕೊಟ್ಟ ಮೇಲೆ ಇಳಿಯಿತು. ಏನೂ ಇಲ್ಲದ್ದಕ್ಕೆ ನಿದ್ದೆ ಕೆಡಿಸಿದಿರಿ ಅಂತ ಅವರು ಸಿಸ್ಟರನ್ನು ಗದರಲಿಲ್ಲ. "ಇನ್ನೊಂದು ಸಲ ಏರಿದರೂ ಕರೀರಿ" ಅಂತ ಹೇಳಿ ಹೋದರು. ಹಾಗೆ ಹೇಳುವ ಡಾಕ್ಟರ್ ಇದ್ದರೆ ಮಾತ್ರ ಸಿಸ್ಟರ್‌ಗಳಿಗೆ ರಾತ್ರಿ ಫೋನ್ ಮಾಡುವ ಧೈರ್ಯ ಇರುತ್ತದೆ. ಗದರುವ ಡಾಕ್ಟರ್ ಇದ್ದ ಕಡೆ ಬೆಳಗಾಗಲಿ ಅಂತ ಕಾಯುತ್ತಾರೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಡಿಸ್ಚಾರ್ಜ್ ಆಗುವಾಗ ಕೇಸ್ ಶೀಟಿನ ಜೆರಾಕ್ಸ್ ಕೇಳಿ ಪಡೆದುಕೊಂಡೆವು. ವೈದ್ಯರಿಗಿರುವ 2002ರ ನಿಯಮಾವಳಿ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡುವುದಿಲ್ಲ ಅಂದರೆ ಇದನ್ನು ಹೇಳಿ, ಅರ್ಜಿ ಬರೆದು ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ಮಾತು. ಇದೆಲ್ಲ ಸಮಯ ಇರುವ ಆಪರೇಷನ್‌ಗೆ ಮಾತ್ರ. ಎದೆನೋವು ಬಂದಾಗ, ಬಾಯಿ ಸೊಟ್ಟಗಾಗಿ ಮಾತು ತೊದಲಿದಾಗ ನರ್ಸಿಂಗ್ ಹೋಮ್ ಹೋಲಿಸುತ್ತಾ ಕೂರಬೇಡಿ. ಮೊದಲು ಪಕ್ಕದ ಸಣ್ಣ ಜಾಗಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಅಂತ ಸುತ್ತಾಡಿದರೆ ಕೆಲಸಕ್ಕೆ ಬರುವ ಹೊತ್ತೇ ಕಳೆದುಹೋಗುತ್ತದೆ. 108ಕ್ಕೆ ಫೋನ್ ಮಾಡಿ. ಹೃದಯದ್ದಾದರೆ ಮೈಸೂರಿನಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಪಾರ್ಶ್ವವಾಯು ಅನ್ನಿಸಿದರೆ ಹಗಲು ರಾತ್ರಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ, ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ಲಕ್ಷಣ ಶುರುವಾದ ಮೇಲಿನ ನಾಲ್ಕೂವರೆ ಗಂಟೆ ಹೊತ್ತು ಮಾತ್ರ. ನಿಮ್ಮ ಮನೆಗೆ ಅಂಥ ಆಸ್ಪತ್ರೆ ಯಾವುದು ಹತ್ತಿರ ಅಂತ ಇವತ್ತೇ ವಿಚಾರಿಸಿ, ಫೋನ್ ನಂಬರ್ ಬರೆದು ಫ್ರಿಜ್ ಮೇಲೆ ಅಂಟಿಸಿಡಿ.