ಡಬ್ಬಿ ಮ್ಯಾಲಿನ ವಾಟ್ ನಂಬಬ್ಯಾಡ್ರಿ, ಡಗ್ಗಾ ಕೇಳ್ರಿ

ಹೋದ ಬ್ಯಾಸಿಗ್ಯಾಗ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಹೋಗಿ ಒಂದು ಹೊಸ ಬ್ಲೂಟೂತ್ ಸ್ಪೀಕರ್ ತಂದೆ ನೋಡ್ರಿ, ಡಬ್ಬಿ ಮ್ಯಾಲ 80 ವಾಟ್ ಅಂತ ದೊಡ್ಡದಾಗಿ ಬರದಿತ್ತು, ಅಂಗಡ್ಯಾಗ ಹಚ್ಚಿದಾಗ ಎದಿ ನಡುಗ್ತು, ರಾತ್ರಿ ಮಾಳಗಿ ಮ್ಯಾಲ ಭಜನಿ ಪದ ಹಚ್ಚಿದ್ರ ಬರೇ ತಾಳ ಕೇಳ್ತದ, ಡಗ್ಗಾ (ತಬಲಾದ ಜೋಡಿಯ ದಪ್ಪ ದನಿ ವಾದ್ಯ) ಮಾಯ. ನಮ್ಮ ಕಾಕಾ ಅಂದ್ರು, "ಏನಪಾ, ಇದಕ್ಕ ಸೆಲ್ ಹಾಕೋದು ಮರ್ತಿಯೇನು?"

ನೀವು ತೊಗೊಳ್ಳೋಕಿಂತ ಮೊದಲ ಲೆಕ್ಕ ಹಾಕ್ರಿ. ಡಬ್ಬಿ ಹಿಂದ ಸಣ್ಣ ಅಕ್ಷರದಾಗ ಬ್ಯಾಟರಿ ಎಷ್ಟು ಎಂಎಎಚ್ (mAh) ಅಂತ ಇರ್ತದ, ಅದಕ್ಕ 3.7 (ಸಣ್ಣ ಸ್ಪೀಕರ್ ಬ್ಯಾಟರಿಯ ಸಾಮಾನ್ಯ ವೋಲ್ಟ್) ಗುಣಿಸಿ 1000ದಿಂದ ಭಾಗಿಸಿದ್ರ ವಾಟ್-ಅವರ್, ಅಂದ್ರ ಬ್ಯಾಟರ್ಯಾಗ ತುಂಬಿದ ಒಟ್ಟು ಶಕ್ತಿ ಬಂತು. ನಂದು 1500 ಎಂಎಎಚ್, ಅಂದ್ರ ಸುಮಾರು 5.5. ಇದ್ರಾಗ ಖರೇನ 80 ವಾಟ್ ಎಳದ್ರ ನಾಕು ನಿಮಿಷಕ್ಕ ಖಾಲಿ, ಆದ್ರ ಅದೇ ಡಬ್ಬಿ 8 ತಾಸು ನಡೀತದ ಅಂತದ. 8 ತಾಸು ನಡೀಬೇಕಂದ್ರ ಸರಾಸರಿ 1 ವಾಟೂ ಎಳಿಯಂಗಿಲ್ಲ! ಹಾಡು ಪೂರ್ತಿ ಒಂದೇ ಜೋರಿನಾಗ ಇರಂಗಿಲ್ಲ, ಒಪ್ಕೋತೀನಿ, ಆದ್ರೂ ಇಷ್ಟು ಫರಕ್ ಹ್ಯಾಂಗ್ರೀ? ಪಿಎಂಪಿಒ (ಕ್ಷಣಮಾತ್ರದ್ದು ಅಂತ ಉಬ್ಬಿಸಿ ಬರಿಯೋ ವಾಟ್) ಅಂತ ಬರದಿದ್ರ ಆ ಕಡಿ ನೋಡಲೇಬ್ಯಾಡ್ರಿ, ಆರ್‌ಎಂಎಸ್ (ಒಂದೇ ಸಮನ ಕೊಡೋ ವಾಟ್) ಎಷ್ಟು ಅಂತ ಕೇಳ್ರಿ. ಅದ್ರಾಗೂ ವಾಟ್ ಎರಡರಷ್ಟಾದ್ರ 3 ಡೆಸಿಬಲ್ (ಸಪ್ಪಳ ಅಳಿಯೋ ಮಾಪ) ಅಷ್ಟೇ ಏರ್ತದ, ಕಿವಿಗೆ ಸಪ್ಪಳ ದುಪ್ಪಟ್ಟು ಅನಸಬೇಕಂದ್ರ ಸುಮಾರು 10 ಪಟ್ಟು ವಾಟ್ ಬೇಕು.

ಅಂಗಡ್ಯಾವ ಹಚ್ಚೋ ಹಾಡು ಬ್ಯಾಡ, ಅವ ಹಚ್ಚೋದು ಧಡ್ ಧಡ್ ಅನ್ನೋದೇ. ನಿಮಗ ಬಾಯಿಪಾಠ ಆಗಿರೋ ಹಾಡು ನಿಮ್ಮ ಫೋನಿನಾಗ ಡೌನ್‌ಲೋಡ್ ಮಾಡ್ಕೊಂಡು ಹೋಗ್ರಿ, ಡಗ್ಗಾ ಮತ್ತ ಹೆಣ್ಮಕ್ಕಳ ದನಿ ಇದ್ರ ಚಲೋ, ಫೋನಿನ ಈಕ್ವಲೈಜರ್ (ದನಿ ಹೆಚ್ಚು ಕಡಿಮಿ ತಿದ್ದೋ ಸೆಟ್ಟಿಂಗ್) ಬಂದ್ ಇರ್ಲಿ. ಸ್ಪೀಕರ್ ಮೂಲ್ಯಾಗ ಗ್ವಾಡಿಗೆ ಹಚ್ಚಿ ಇಟ್ಟಿದ್ರ ಕೈಯಾಗ ಹಿಡ್ಕೊಂಡು ಬಾಗಲಿಗೆ ಬರ್ರಿ, ಮೂಲಿ ಬೇಸ್ (ದಪ್ಪ ದನಿ) ಹೆಚ್ಚ ಮಾಡ್ತದ, ನನ್ನ ಮಾಳಗಿ ಮ್ಯಾಲ ಗ್ವಾಡಿ ಎಲ್ಲಿದ್ದವು?

ಖರೆ ಪರೀಕ್ಷಾ ಮುಂದದ. ಅರ್ಧ ವಾಲ್ಯೂಮ್‌ದಿಂದ ಪೂರ್ತಿ ತನಕ ನಿಧಾನ ಏರಸ್ರಿ. ಭಾಳಷ್ಟು ಸ್ಪೀಕರ್ ಜೋರಾದಂಗ ತಾವೇ ಬೇಸ್ ಕಡಿಮಿ ಮಾಡ್ತಾವ, ಇಲ್ಲಂದ್ರ ಒಳಗಿನ ಕೋನ್ (ನಡುಗಿ ಗಾಳಿ ನೂಕೋ ಭಾಗ) ಹರೀಬಹುದು. ಹಪ್ಪಳದಷ್ಟೂ ಇರದ 2 ಇಂಚಿನ ಕೋನ್ ಎಷ್ಟು ಗಾಳಿ ನೂಕೀತು ಪಾಪ! ಟೋನ್ ಜನರೇಟರ್ ಅಂತ ಪುಕ್ಕಟೆ ಆ್ಯಪ್ ಸಿಗ್ತಾವ, 100 ಹರ್ಟ್ಜ್ (ಅಂಕಿ ಇಳದಂಗ ದನಿ ದಪ್ಪ) ಹಚ್ಚಿ 80, 60 ಅಂತ ಇಳಸ್ಕೋತ ಬರ್ರಿ, ಗುಂಯ್ ಅನ್ನೋದು ಬಿಟ್ಟು ಪರಪರ ಅಂತಂದ್ರ ಅಲ್ಲಿಗೆ ಅದ್ರ ಬೇಸ್ ಮುಗೀತು. ಡಬ್ಬಿ ಮ್ಯಾಲ 20 ಹರ್ಟ್ಜ್ ಅಂತ ಬರದಿದ್ರ ನಕ್ಕು ಬಿಡ್ರಿ.

ಎರಡು ಸ್ಪೀಕರ್ ಹೋಲಿಸೋದಿದ್ರ ಎರಡೂ ಒಂದೇ ಜೋರಿಗೆ ಇಡ್ರಿ, ಸ್ವಲ್ಪ ಜೋರಿದ್ದದ್ದೇ ಚಲೋ ಅನಸ್ತದ ಕಿವಿಗೆ. ಡಬ್ಬಿ ಮ್ಯಾಲ ಐಪಿಎಕ್ಸ್7 ಅಂತ ಇದ್ರ 1 ಮೀಟರ್ ನೀರಾಗ 30 ನಿಮಿಷ ತಡೀತದ ಅಂತಷ್ಟೇ, ಸಪ್ಪಳಕ್ಕೂ ಅದಕ್ಕೂ ಸಂಬಂಧಿಲ್ಲ.

ಅಂಗಡ್ಯಾವ "ಅಣ್ಣಾ, ಡಬ್ಬಿ ಒಡ್ಯಂಗಿಲ್ಲ" ಅಂದ್ರ ಎಷ್ಟು ದಿನದಾಗ ವಾಪಸ್ ತೊಗೋತೀರಿ ಅಂತ ಬಿಲ್ ಮ್ಯಾಲ ಬರಸ್ಕೋರಿ. ನಾ ಬರಸ್ಕೊಂಡಿರಲಿಲ್ಲ, ಅದಕ್ಕ ಆ 80 ವಾಟ್ ಈಗ ಕಾಕಾನ ತಲಿದಿಂಬಿನ ಬಾಜೂಕ ಕುಂತು ಮುಂಜಾನಿ ರೇಡಿಯೋ ಸುದ್ದಿ ಹೇಳ್ತದ. ಅದಕ್ಕ ಬರೋಬ್ಬರಿ ಅದ.