ಫೋನ್ ನಂಬರ್ ಕೊಟ್ಟರೆ ಸಾಲದು, ಜೊತೆಗೆ ಹೋಗಿ

ಕಷ್ಟದಲ್ಲಿರುವ ಮನೆಯವರಿಗೆ "ಏನಾದ್ರೂ ಬೇಕಿದ್ರೆ ಹೇಳಿ" ಅಂದು ಬಂದುಬಿಡುತ್ತೇವೆ. ಅವರು ಹೇಳುವುದಿಲ್ಲ. ಬಾಯಿಬಿಟ್ಟು ಕೇಳೋಕೆ ನಾಚಿಕೆ ಅಲ್ವಾ? ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿ. ಅಡುಗೆ ಸಾಮಾನು ಇನ್ನೆಷ್ಟು ದಿನಕ್ಕಿದೆ? ಮಾತ್ರೆ ಎಷ್ಟು ಉಳಿದಿವೆ? ಬಾಡಿಗೆ ಯಾವ ತಾರೀಕಿಗೆ ಕೊಡಬೇಕು, ಕರೆಂಟ್ ಕಟ್ ಮಾಡ್ತೀವಿ ಅಂತ ನೋಟಿಸ್ ಬಂದಿದೆಯಾ? ಯಾವುದು ಮೊದಲು ಮುಗಿಯುತ್ತದೋ ಅದೇ ಮೊದಲ ಕೆಲಸ. ಉಳಿದದ್ದು ನಾಳೆಗೆ.

ತುಂಬ ಹಿಂಜರಿಯುವವರಿಗೆ ನಾನು ಫುಡ್ ಬ್ಯಾಂಕ್ ಕಥೆ ಹೇಳುತ್ತೇನೆ. 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಇದನ್ನು ಶುರು ಮಾಡಿದರು. ಅಂಗಡಿಯವರು ಎಸೆದ ಆಹಾರ ಆರಿಸಿ ತಂದು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ ಅವರಿಗೆ ಕೊಟ್ಟ ಐಡಿಯಾ ಅದು. ಹೆಚ್ಚಿದ್ದವರು ಇಡಲಿ, ಬೇಕಾದವರು ತೆಗೆದುಕೊಳ್ಳಲಿ, ಬ್ಯಾಂಕಿನ ಹಾಗೆ.

ಸಹಾಯ ಎಲ್ಲಿ ಸಿಗುತ್ತದೆ ಅಂತ ಇಂಟರ್ನೆಟ್‌ನಲ್ಲಿ ಹುಡುಕುವ ಮೊದಲು ಮಕ್ಕಳ ಶಾಲೆಯ ಟೀಚರ್, ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ಲೈಬ್ರರಿಯವರು, ಹತ್ತಿರದ ಪ್ರಾರ್ಥನಾ ಸ್ಥಳದವರು, ಇವರನ್ನು ಕೇಳಿ. ಪಟ್ಟಿಯಲ್ಲಿ ಇಲ್ಲದ್ದು ಇವರಿಗೆ ಗೊತ್ತಿರುತ್ತದೆ. ಎಷ್ಟೋ ಪಟ್ಟಿಗಳು ಹಳೆಯವು, ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಹೋಗುವ ಮೊದಲು ಫೋನ್ ಮಾಡಲೇಬೇಕು. ಯಾವ ದಿನ ತೆರೆದಿರುತ್ತದೆ, ಆ ಏರಿಯಾದವರಿಗೆ ಮಾತ್ರವಾ, ಏನೇನು ಕಾಗದ ಬೇಕು, ಎಷ್ಟು ಸಲ ಕೊಡುತ್ತಾರೆ ಅಂತ ಕೇಳಿಕೊಳ್ಳಿ. ಮಕ್ಕಳನ್ನು ಕಟ್ಟಿಕೊಂಡು ಎರಡು ಬಸ್ ಬದಲಾಯಿಸಿ ಹೋದಾಗ ಬಾಗಿಲು ಮುಚ್ಚಿದ್ದರೆ ಅವರು ಮತ್ತೆ ಬರುವುದಿಲ್ಲ.

ಕಾಗದದ್ದೇ ದೊಡ್ಡ ತಲೆನೋವು. ಗುರುತಿನ ಚೀಟಿ, ವಿಳಾಸದ ದಾಖಲೆ, ಮನೆಯಲ್ಲಿರುವ ಎಲ್ಲರ ಹೆಸರು ಮತ್ತು ಹುಟ್ಟಿದ ದಿನ, ಆದಾಯದ ದಾಖಲೆ, ಬಾಡಿಗೆ ಕರಾರು, ಬಾಕಿ ಬಿಲ್ಲು, ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ, ಎರಡೆರಡು ಜೆರಾಕ್ಸ್ ಮಾಡಿಸಿ. ಫೈಲ್ ಅವರ ಕೈಯಲ್ಲೇ ಇರಲಿ, ನಿಮ್ಮ ಮೊಬೈಲ್‌ನಲ್ಲಿ ಅವರ ದಾಖಲೆಯ ಫೋಟೊ ಬೇಡ. ಕಚೇರಿಯಲ್ಲಿ ಮಾತಾಡುವುದೂ ಅವರೇ. ನೀವು ಸುಮ್ನೆ ಪಕ್ಕದಲ್ಲಿ ಕೂತು ಮಾತಾಡಿದವರ ಹೆಸರು, ತಾರೀಕು, ಅರ್ಜಿ ನಂಬರ್ ಬರೆದುಕೊಳ್ಳಿ.

ಅರ್ಜಿ ತಿರಸ್ಕಾರವಾದರೆ ಅಲ್ಲಿಗೇ ಬಿಡಬೇಡಿ. ಕಾರಣ ಬರಹದಲ್ಲಿ ಕೊಡಿ ಅನ್ನಿ, ಮೇಲ್ಮನವಿಗೆ ಕೊನೆಯ ದಿನ ಯಾವುದು ಅಂತಲೂ ಕೇಳಿ. ಒಂದು ಸಹಿ, ಒಂದು ಕಾಗದ ಕಡಿಮೆ ಇದ್ದದ್ದಕ್ಕೂ ಅರ್ಜಿ ವಾಪಸ್ ಬರುವುದುಂಟು.

ಬಾಡಿಗೆ, ಕರೆಂಟ್ ಬಿಲ್ಲಿನ ವಿಷಯದಲ್ಲಿ ತಾರೀಕು ದಾಟುವ ಮೊದಲೇ ಮಾತಾಡುವುದು ಒಳ್ಳೆಯದು. ಕಂತಿನಲ್ಲಿ ಕಟ್ಟಲು ಮೊದಲೇ ಕೇಳಿದವರಿಗೆ ಒಪ್ಪುವ ಸಾಧ್ಯತೆ ಜಾಸ್ತಿ. "ಸಹಾಯ ಕೊಡಿಸ್ತೀನಿ, ಮೊದಲು ದುಡ್ಡು ಕೊಡಿ" ಅನ್ನುವವರಿಂದ, ಓಟಿಪಿ ಕೇಳುವವರಿಂದ ದೂರ ಇರಲು ಹೇಳಿ.

ಇನ್ನೊಂದು, ಸಾಮಾನು ತೆಗೆದುಕೊಳ್ಳುವಾಗ ಫೋಟೊ ತೆಗೆದು ಎಲ್ಲೂ ಹಾಕಬೇಡಿ. ಆ ಮನೆಯ ಮಕ್ಕಳ ಕ್ಲಾಸಿನವರೂ ಅದನ್ನು ನೋಡುತ್ತಾರೆ.

ವಾರದ ನಂತರ ಒಂದು ಫೋನ್ ಮಾಡಿ. "ಎಲ್ಲಾ ಸರಿಹೋಯ್ತಾ?" ಅಂದರೆ "ಹೂಂ" ಅಂತಾರೆ. "ಮಾತ್ರೆ ಕೈಗೆ ಬಂತಾ?" ಅಂತಲೇ ಕೇಳಿ.